ಅಪ್‌ಡೇಟ್: ಚೀಲದಲ್ಲಿ ಚಾಕು ತಂದಿದ್ದ ಹುಡುಗನ ವಿಷಯ

ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಚಾಕು ಸಿಕ್ಕಿದಾಗ, ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವುದು ಸರಿಯೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ, 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂದು ನಿಮ್ಮಲ್ಲೊಬ್ಬರು ತಿಳಿಸಿದ್ದರಿಂದ, ಆಡಳಿತ ಮಂಡಳಿಯ ಸಭೆಯಲ್ಲಿ ಅವೆರಡನ್ನೂ ಓದಿ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಚಾಕು ಏಕೆ ಬಂತು ಎಂದು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ; ಈ ತಪ್ಪು ನನ್ನದೂ ಹೌದು. ತಾಯಿಯನ್ನು ಜೊತೆಗೆ ಕೂರಿಸಿಕೊಂಡು ಸಮಾಧಾನದಿಂದ ವಿಚಾರಿಸಿದಾಗ, ಬಸ್ ನಿಲ್ದಾಣದಲ್ಲಿ ದೊಡ್ಡ ಹುಡುಗರು ಎರಡು ತಿಂಗಳಿಂದ ಬೆದರಿಸಿ ಹಣ ಕಸಿಯುತ್ತಿದ್ದರೆಂದೂ, ಹೆದರಿ ಅಡುಗೆಮನೆಯ ತರಕಾರಿ ಚಾಕುವನ್ನು ಎತ್ತಿಕೊಂಡು ಬಂದನೆಂದೂ ಗೊತ್ತಾಯಿತು.

ತಾಯಿಯ ಒಪ್ಪಿಗೆ ಪಡೆದು ಠಾಣೆಗೆ ವಿಷಯ ತಿಳಿಸಿದ್ದೇವೆ. ಸಂಜೆ ಒಬ್ಬ ಶಿಕ್ಷಕರು ನಿಲ್ದಾಣದವರೆಗೆ ಮಕ್ಕಳೊಡನೆ ಹೋಗುತ್ತಾರೆ, ಹುಡುಗ ವಾರಕ್ಕೊಮ್ಮೆ ಆಪ್ತಸಮಾಲೋಚಕರನ್ನು ಭೇಟಿಯಾಗುತ್ತಾನೆ. ಆದರೂ ಸಹಪಾಠಿಯೊಬ್ಬಳ ಪೋಷಕರು ಮಗಳನ್ನು ಬೇರೆ ಶಾಲೆಗೆ ಸೇರಿಸಿದರು. ಅವರ ಭಯವನ್ನು ನಾನು ತಪ್ಪೆನ್ನಲಾರೆ. ಮೊದಲ ದಿನವೇ ಅವರನ್ನು ಕರೆದು ಮಾತನಾಡಬೇಕಿತ್ತು.