ಗುಲಾಬಿ ಕಾವ್ಯ ತಾಳಮದ್ದಳೆಗೆ ಒಗ್ಗುತ್ತದಾ?

ಸಾಗರದ ಅರ್ಥಧಾರಿ:
ಮಳೆಗಾಲ ಬಂತೆಂದರೆ ನಮ್ಮೂರಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಈ ಸಲ ಹೊಸ ಪ್ರಸಂಗ ಕಟ್ಟೋಣ ಅಂತ ‘ರೊಮಾನ್ ದ ಲಾ ರೋಸ್’ ಓದುತ್ತಿದ್ದೇನೆ, ಇಂಗ್ಲಿಷಿನಲ್ಲಿ. 13ನೇ ಶತಮಾನದ ಫ್ರೆಂಚ್ ಕಾವ್ಯ. ಹುಡುಗನೊಬ್ಬ ಕನಸಿನಲ್ಲಿ ಒಂದು ತೋಟ ಹೊಗುತ್ತಾನೆ. ನಾರ್ಸಿಸಸ್‌ನ ಕೊಳದಲ್ಲಿ ಇಣುಕಿದರೆ ಗುಲಾಬಿ ಗಿಡ ಕಾಣುತ್ತದೆ. ಒಂದು ಮೊಗ್ಗಿಗೆ ಮನಸೋಲುತ್ತಾನೆ. ಪ್ರೇಮದೇವತೆ ಐದು ಬಾಣ ಬಿಡುತ್ತಾನೆ. ನಮ್ಮ ಮನ್ಮಥನಿಗೂ ಐದೇ ಅಲ್ವಾ, ಖುಷಿಯಾಯಿತು. ಆಮೇಲೆ ಬರೀ ಆದರ, ನಾಚಿಕೆ, ಭಯ, ಅಸೂಯೆ ಅನ್ನುವವರೇ ಬಂದು ಮಾತಾಡುತ್ತಾರೆ. ನಾಯಕಿ ಎಲ್ಲಿ? ಅವಳ ಪಾತ್ರವಾಗಿ ಮಾತಾಡುವ ಅರ್ಥಧಾರಿ ಯಾರು?

ತೀರ್ಥಹಳ್ಳಿ ಅಕ್ಕ:
ನಾಯಕಿಯನ್ನು ಬೇರೆ ಹುಡುಕಬೇಡಿ. ಅವರಲ್ಲಿ ಮುಕ್ಕಾಲುವಾಸಿ ಜನ ಅವಳೇ. ಆದರ ಅವಳ ನಗುಮುಖ, ಹುಡುಗನನ್ನು ಬೇಲಿಯೊಳಗೆ ಬಿಡುವವನು ಅವನೇ. ‘ಮೊಗ್ಗನ್ನೇ ಕೊಡು’ ಅಂದದ್ದೇ ತಡ, ಎಲೆಮರೆಯಲ್ಲಿ ಅಡಗಿದ್ದ ಡಾಂಜೆ ಎದ್ದು ಬರುತ್ತಾನೆ. ಕರಿಯ ದೈತ್ಯ, ಮೈತುಂಬ ಕೂದಲು, ಕೆಂಡದಂಥ ಕಣ್ಣು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಇದ್ದಿದ್ದರೆ ಅವನಿಗೆ ರಾಕ್ಷಸರ ಬಣ್ಣದ ವೇಷವೇ ಆಗಬೇಕಿತ್ತು! ಅವನೂ ಅವಳೇ, ‘ದೂರ ನಿಲ್ಲು’ ಅನ್ನುವ ಅವಳ ಮನಸ್ಸು. ನಾಚಿಕೆ, ಭಯವೂ ಅವಳವೇ.

ಚಾಡಿಬಾಯಿ, ಅಸೂಯೆ ಮಾತ್ರ ಹೊರಗಿನವರು. ಹುಡುಗ ಒಂದು ಮುತ್ತಿಟ್ಟ. ಚಾಡಿಬಾಯಿ ಅದನ್ನು ಸುದ್ದಿ ಮಾಡಿದ. ಅಸೂಯೆ ಕೋಟೆ ಕಟ್ಟಿಸಿ ಆದರನನ್ನು ಗೋಪುರದಲ್ಲಿ ಕೂಡಿಹಾಕಿದಳು. ಹುಡುಗಿ ನಗುವುದನ್ನೇ ಮನೆಯವರು ನಿಲ್ಲಿಸಿದರು, ಅಷ್ಟೇ ಕಥೆ.

ಶಿಕಾರಿಪುರದವ:
ಇದಕ್ಕೆ ಫ್ರಾನ್ಸಿಗೇಕೆ ಹೋಗಬೇಕು? ಚಾಮರಸನ ಪ್ರಭುಲಿಂಗಲೀಲೆ ಇದೆಯಲ್ಲ. ಬನವಾಸಿಯ ರಾಜ ಮಮಕಾರ, ರಾಣಿ ಮೋಹಿನಿ, ಮಗಳು ಮಾಯೆ. ಅಲ್ಲಮನ ಅಪ್ಪ ನಿರಹಂಕಾರ, ಅಮ್ಮ ಸುಜ್ಞಾನಿ. ಅಲ್ಲಮ ಮದ್ದಳೆ ಬಾರಿಸುವವನು, ಮಾಯೆ ಅವನಿಗೆ ಮನಸೋಲುತ್ತಾಳೆ. ಹಾಗಾಗಿ ಮದ್ದಳೆಯೂ ಅದರಲ್ಲೇ ಇದೆ!

ತೀರ್ಥಹಳ್ಳಿ ಅಕ್ಕ:
ಇದೆ ಮಾರಾಯ್ರೇ. ಆದರೆ ಅಲ್ಲಿ ಅಡ್ಡಿ ಅಲ್ಲಮನೇ, ಅವನು ಕೈಗೇ ಸಿಗುವುದಿಲ್ಲ. ಕೋಟೆಯೂ ಬೇಡ, ಕಾವಲೂ ಬೇಡ.

ಸಾಗರದ ಅರ್ಥಧಾರಿ:
ಅಕ್ಕಾ, ಮಂಗಳ ಎಲ್ಲಿ ಹಾಡಿಸಲಿ? ಪುಸ್ತಕ ಮುಗಿಯುವುದೇ ಇಲ್ಲ.

ತೀರ್ಥಹಳ್ಳಿ ಅಕ್ಕ:
ಕಾವ್ಯ ಶುರುಮಾಡಿದ ಗಿಯೋಮ್ ದ ಲೋರಿಸ್ ಬರೆದದ್ದು ಸುಮಾರು 4,000 ಸಾಲು. ಕೋಟೆಯ ಹೊರಗೆ ಹುಡುಗ ಗೋಳಾಡುತ್ತಿರುವಾಗಲೇ ಕಾವ್ಯ ನಿಂತುಹೋಗುತ್ತದೆ. ಸುಮಾರು 40 ವರ್ಷದ ಮೇಲೆ ಝಾಂ ದ ಮ್ಯೂನ್ 17,000ಕ್ಕೂ ಜಾಸ್ತಿ ಸಾಲು ಸೇರಿಸಿದ. ವಾದ ಬೇಕಾದಷ್ಟಿದೆ, ಅರ್ಥಧಾರಿಗಳಿಗೆ ಹಬ್ಬ. ಕೊನೆಗೆ ಪ್ರೇಮದೇವತೆಯ ತಾಯಿ ವೀನಸ್ ಕೋಟೆಗೆ ಬೆಂಕಿ ಇಡುತ್ತಾಳೆ, ಹುಡುಗ ಹೂ ಕಿತ್ತುಕೊಳ್ಳುತ್ತಾನೆ. ಹೆಂಗಸರ ಬಗ್ಗೆ ಹಗುರ ಮಾತೂ ತುಂಬಾ. 1400ರ ಹೊತ್ತಿಗೆ ಕ್ರಿಸ್ಟೀನ್ ದ ಪಿಜಾನ್ ಅನ್ನುವ ಲೇಖಕಿ ಕಾಗದ ಬರೆದೇ ಜಗಳಕ್ಕೆ ನಿಂತಳು. ನಾನಾದರೆ ಗಿಯೋಮ್ ಬಿಟ್ಟಲ್ಲೇ ಮಂಗಳ.

ಸಾಗರದ ಅರ್ಥಧಾರಿ:
ಹಾಗಾದರೆ ಡಾಂಜೆ ನಂದು. ಚಾಡಿಬಾಯಿಗೆ ನಮ್ಮೂರಲ್ಲಿ ಜನಕ್ಕೇನು ಬರ!