ಗುಪ್ತಚರ, ಗುಪ್ತವಾರ್ತೆ, ಬೇಹು: ಯಾವುದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ.

ವಿದೇಶಗಳ ಆಗುಹೋಗುಗಳ ಮೇಲೆ ಕಣ್ಣಿಡುವ ನಮ್ಮ ಸಂಸ್ಥೆ ‘ರಾ’ದ ಮುಖ್ಯಸ್ಥರಾಗಿ ನಿವೃತ್ತರಾದವರೊಬ್ಬರು ರಾಷ್ಟ್ರೀಯ ಭದ್ರತೆಯ ಬಗ್ಗೆ ಬರೆದ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೇ ಪುಟದಲ್ಲೇ ಸಿಕ್ಕಿಕೊಂಡೆ. ಇನ್‌ಫರ್ಮೇಷನ್ ಬೇರೆ, ಇಂಟೆಲಿಜೆನ್ಸ್ ಬೇರೆ ಎನ್ನುತ್ತಾರೆ ಲೇಖಕರು. ಕಿವಿಗೆ ಬಿದ್ದದ್ದು, ಕೈಗೆ ಸಿಕ್ಕಿದ್ದು ಮೊದಲನೆಯದು. ಅದನ್ನು ಸೋಸಿ, ಬೇರೆ ಮೂಲಗಳ ಜೊತೆ ತಾಳೆ ನೋಡಿ, ಇದರಿಂದ ಮುಂದೇನಾದೀತು ಎಂದು ತೂಗಿ ಹೇಳಿದ್ದು ಎರಡನೆಯದು. ನಾನು ರೂಢಿಯಂತೆ ಎರಡನೆಯದಕ್ಕೆ ‘ಗುಪ್ತಚರ ಮಾಹಿತಿ’ ಎಂದು ಬರೆದೆ. ಮತ್ತೆ ಓದಿದರೆ ಎರಡೂ ಮಾಹಿತಿಯೇ ಆಗಿ ಕೂತಿದ್ದವು.

‘ಚರ’ ಎಂದರೆ ಓಡಾಡುವವನು, ಹಾಗಾಗಿ ಗುಪ್ತಚರ ಒಬ್ಬ ಆಳು. ಪತ್ರಿಕೆಗಳು ಆ ಆಳನ್ನೇ ವಿಶೇಷಣವಾಗಿ ದುಡಿಸಿಕೊಳ್ಳುತ್ತಿವೆ: ಗುಪ್ತಚರ ದಳ, ಗುಪ್ತಚರ ವರದಿ, ಗುಪ್ತಚರ ವೈಫಲ್ಯ. ಕೊನೆಯದರ ಮೇಲೆ ನನಗೆ ತಕರಾರಿದೆ. 1999ರ ಕಾರ್ಗಿಲ್ ವಿಷಯ ಬಂದಾಗಲೆಲ್ಲ ಈ ಮಾತು ಬರುತ್ತದೆ. ಕೇಳಿದೊಡನೆ ಯಾವನೋ ಬೇಹುಗಾರ ಗಡಿಯಲ್ಲಿ ನಿದ್ದೆ ಹೊಡೆದಂತೆ ಅನಿಸುತ್ತದೆ. ಆದರೆ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಾಮರ್ಶೆ ಸಮಿತಿ ಮಾಹಿತಿ ಸಂಗ್ರಹದ ಲೋಪಗಳ ಜೊತೆಗೆ ಸಂಸ್ಥೆಗಳ ನಡುವಿನ ಹೊಂದಾಣಿಕೆಯನ್ನೂ, ಬಂದ ಮಾಹಿತಿಯನ್ನು ಅಳೆದ ರೀತಿಯನ್ನೂ ಪ್ರಶ್ನಿಸಿತ್ತು. ಚರ ತಂದುಕೊಟ್ಟರೂ ಮೇಜಿನ ಮುಂದೆ ಕೂತವರು ಎಡವಬಹುದಲ್ಲ! 2004ರಲ್ಲಿ ಹುಟ್ಟಿದ ಎನ್‌ಟಿಆರ್‌ಒ ತಾಂತ್ರಿಕ ವಿಧಾನಗಳಿಂದ ಮಾಹಿತಿ ಕಲೆಹಾಕುವ ಸಂಸ್ಥೆ. ಉಪಗ್ರಹದ ಚಿತ್ರದಲ್ಲಿ ‘ಚರ’ ಎಲ್ಲಿದ್ದಾನೆ? ‘ರಾ’ದ ಪೂರ್ತಿ ಹೆಸರಿನಲ್ಲೂ ಸಂಶೋಧನೆ, ವಿಶ್ಲೇಷಣೆ ಇವೆಯೇ ಹೊರತು ಗುಟ್ಟೂ ಇಲ್ಲ, ಗೂಢಚಾರನೂ ಇಲ್ಲ.

ನಮ್ಮ ಪೊಲೀಸರ ಬಳಿ ಇದಕ್ಕಿಂತ ಒಳ್ಳೆಯ ಪದಗಳಿವೆ. ಕರ್ನಾಟಕ ಪೊಲೀಸರ ಇಂಟೆಲಿಜೆನ್ಸ್ ವಿಭಾಗಕ್ಕೆ ‘ರಾಜ್ಯ ಗುಪ್ತವಾರ್ತೆ’ ಎನ್ನುತ್ತಾರೆ. ಇಲ್ಲಿ ಆಳು ಹಿಂದೆ ಸರಿದು ವಾರ್ತೆ ಮುಂದೆ ಬಂದಿದೆ. ಠಾಣೆಯ ಕಾಗದಪತ್ರಗಳಲ್ಲಿ ಸುಳಿವು ಕೊಟ್ಟವನು ‘ಬಾತ್ಮೀದಾರ’, ಅವನು ಕೊಟ್ಟದ್ದು ‘ಬಾತ್ಮಿ’. ಮರಾಠಿಯಿಂದ ಬಂದು ಇಲ್ಲೇ ಬೇರುಬಿಟ್ಟ ಪದ. ಹಾಗಾದರೆ ಸೋಸದೆ ಇರುವುದು ಬಾತ್ಮಿ, ಸೋಸಿದ್ದು ಗುಪ್ತವಾರ್ತೆ ಎಂದು ಇಟ್ಟುಕೊಳ್ಳಬಹುದೇ? ಒಂದು ತೊಡಕಿದೆ. ಬಹಿರಂಗ ಮೂಲಗಳಿಂದ, ಅಂದರೆ ಪತ್ರಿಕೆ, ಬಾನುಲಿ, ಅಂತರ್ಜಾಲದಿಂದ ಹೆಕ್ಕಿ ತೂಗಿದ್ದೂ ಇಂಟೆಲಿಜೆನ್ಸೇ. ಅದನ್ನು ‘ಗುಪ್ತ’ ಎನ್ನುವುದು ಹೇಗೆ?

ಹಿಂದಿಯವರು ದೇಶದೊಳಗಿನ ವಿದ್ಯಮಾನಗಳನ್ನು ಗಮನಿಸುವ ಇಂಟೆಲಿಜೆನ್ಸ್ ಬ್ಯೂರೊಗೆ (ಐಬಿ) ‘ಆಸೂಚನಾ ಬ್ಯೂರೊ’ ಎಂದಿದ್ದಾರೆ. ನಮ್ಮಲ್ಲಿ ಅದು ಸುತ್ತೋಲೆಯ ‘ಸೂಚನೆ’ಯಂತೆ ಕೇಳಿಸುತ್ತದೆ, ಬೇಡ.

‘ಬೇಹು’ ನನಗೆ ತುಂಬಾ ಇಷ್ಟ. ತಮಿಳಿನ ‘ವೇವು’, ತೆಲುಗಿನ ‘ವೇಗು’ ಇದರ ಒಡಹುಟ್ಟುಗಳು. ಆದರೆ ಬೇಹುಗಾರಿಕೆ ಎಂದರೆ ಕದ್ದು ನೋಡುವ ಕೆಲಸ, ಎಸ್ಪಿಯೊನಾಜ್. ಅದನ್ನು ಅಲ್ಲಿಗೇ ಮೀಸಲಿಡುವುದು ಸರಿ. ಡಬಲ್ ಏಜೆಂಟ್‌ಗಂತೂ ಚಿಂತೆಯಿಲ್ಲ, ಕೌಟಿಲ್ಯನ ‘ಉಭಯವೇತನ’ ಇದೆ. ಎರಡೂ ಕಡೆ ಸಂಬಳ! ಇಂಗ್ಲಿಷಿನಲ್ಲಿ ಈ ಕುಟುಕು ಇಲ್ಲ.

ಇಷ್ಟೊಂದು ಕೂದಲು ಸೀಳುವುದೇಕೆ ಎಂದು ನೀವು ಕೇಳಬಹುದು. 2021ರ ಪಿಂಚಣಿ ನಿಯಮದ ತಿದ್ದುಪಡಿಯ ಪ್ರಕಾರ, ಇಂಥ ಸಂಸ್ಥೆಗಳಿಂದ ನಿವೃತ್ತರಾದವರು ಸಂಸ್ಥೆಯ ಕಾರ್ಯಕ್ಷೇತ್ರದ ಬಗ್ಗೆ ಏನನ್ನಾದರೂ ಪ್ರಕಟಿಸಲು ಮೊದಲೇ ಅನುಮತಿ ಪಡೆಯಬೇಕು. ಹಾಗಾಗಿ ಅವರು ಒಂದೊಂದು ಪದವನ್ನೂ ಅಳೆದು ಇಡುತ್ತಾರೆ. ಅನುವಾದಕ ಅಲ್ಲಿ ಸಡಿಲ ಬಿಟ್ಟರೆ ಅವರು ಹೇಳದ ಮಾತನ್ನು ಹೇಳಿಸಿದಂತಾಗುತ್ತದೆ.

ಸದ್ಯಕ್ಕೆ ಕರಡಿನಲ್ಲಿ ‘ಬಾತ್ಮಿ’ ಮತ್ತು ‘ಗುಪ್ತವಾರ್ತೆ’ ಇಟ್ಟಿದ್ದೇನೆ, ಬಹಿರಂಗ ಮೂಲದ ಜಾಗ ಖಾಲಿ ಬಿಟ್ಟಿದ್ದೇನೆ. ‘ಗುಪ್ತ’ ಇಲ್ಲದ ಪದವೊಂದು ಯಾರಿಗಾದರೂ ಹೊಳೆದರೆ ತಿಳಿಸಿ. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಒಳಗಿನ ಟಿಪ್ಪಣಿಗಳಲ್ಲಿ ಬಾತ್ಮಿಗೂ ಗುಪ್ತವಾರ್ತೆಗೂ ನಿಜಕ್ಕೂ ಈ ವ್ಯತ್ಯಾಸ ಮಾಡುತ್ತಾರೆಯೇ ಎಂಬುದನ್ನೂ ಹೇಳಿ.