ಹತ್ಶೆಪ್ಸುತ್ ಹೆಸರು ಅಳಿಸಿದ್ದು ಸಿಟ್ಟಿಗಾ, ಲೆಕ್ಕಾಚಾರಕ್ಕಾ?

ಕಲ್ಲುಬರಹ: ಈಜಿಪ್ಟಿನ ಹತ್ಶೆಪ್ಸುತ್ ಬಗ್ಗೆ ಎಲ್ಲಿ ನೋಡಿದರೂ ಒಂದೇ ಕಥೆ. ಗಂಡ ಎರಡನೇ ಥುತ್ಮೋಸ್ ಸತ್ತ, ಸವತಿಯ ಮಗ ಮೂರನೇ ಥುತ್ಮೋಸ್ ಇನ್ನೂ ಚಿಕ್ಕವನು, ಅವನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದವಳು ಏಳನೇ ವರ್ಷದ ಹೊತ್ತಿಗೆ ತಾನೇ ಫೇರೋ, ಅಂದರೆ ರಾಜ, ಆಗಿಬಿಟ್ಟಳು. ಇದು ಸುಮಾರು ಕ್ರಿ.ಪೂ. 1479ರಿಂದ 1458ರ ಮಾತು. ಅವಳು ಹೋದಮೇಲೆ ಆ ಹುಡುಗ ಸೇಡಿಗೆ ಅವಳ ಹೆಸರು, ಚಿತ್ರ ಎಲ್ಲ ಕೆತ್ತಿಹಾಕಿಸಿದನಂತೆ. ನನಗೇಕೋ ಈ ಸೇಡಿನ ಕಥೆ ಒಪ್ಪಿಗೆಯಾಗುತ್ತಿಲ್ಲ.

ಗುಡುಗು: ಒಪ್ಪದೇ ಇರಲು ಏನಿದೆ ಗುರು? ಇಪ್ಪತ್ತು ವರ್ಷ ಗದ್ದುಗೆ ಬಿಟ್ಟುಕೊಡಲಿಲ್ಲ, ಹಕ್ಕುದಾರ ಪಕ್ಕದಲ್ಲೇ ನಿಂತು ನೋಡಬೇಕಾಯಿತು. ಯಾರಿಗಾದರೂ ಮೈ ಉರಿಯುತ್ತದೆ. ದೇರ್ ಎಲ್ ಬಹ್ರಿಯ ಅವಳ ಗುಡಿಯಿಂದ ಪ್ರತಿಮೆಗಳನ್ನು ಎಳೆದು ಒಡೆದು ಗುಂಡಿಗೆ ಸುರಿದಿದ್ದಾರೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಅಗೆದಾಗ ರಾಶಿ ರಾಶಿ ಚೂರು ಸಿಕ್ಕವು.

ನೈಲ್ ದಡದವಳು: ಅಷ್ಟು ಉರಿ ಇದ್ದಿದ್ದರೆ ಆಗಲೇ ಮಾಡಬೇಕಿತ್ತು ಅಲ್ವಾ? ಹೆಸರು ಅಳಿಸುವ ಕೆಲಸ ನಡೆದದ್ದು ಅವಳು ಸತ್ತು ಸುಮಾರು 20 ವರ್ಷ ಆದಮೇಲೆ. ಅವನೇನು ಕೈಲಾಗದವನಲ್ಲ. ಅವಳು ಹೋದ ಕೂಡಲೇ ಈಗಿನ ಇಸ್ರೇಲಿನಲ್ಲಿರುವ ಮೆಗಿದ್ದೋಗೆ ದಂಡು ಕಟ್ಟಿಕೊಂಡು ಹೋಗಿ ಗೆದ್ದುಬಂದವನು. ಕಾರ್ನಾಕಿನ ಕೆಂಪು ಗುಡಿಯ ಕಲ್ಲುಗಳಲ್ಲಿ ಇಬ್ಬರೂ ಜೊತೆಯಲ್ಲೇ ಪೂಜೆ ಮಾಡುತ್ತಿದ್ದಾರೆ, ಅವನನ್ನು ಅವಳು ಮೂಲೆಗೆ ತಳ್ಳಿ ಮರೆಸಿದ್ದೇನೂ ಇಲ್ಲ.

ಗುಡುಗು: 20 ವರ್ಷ ಏನು ಮಹಾ ಮೇಡಂ, ನಮ್ಮೂರಲ್ಲಿ ಬದುವಿನ ಜಗಳ ಮೂರು ತಲೆಮಾರು ನಡೆದಿದೆ.

ಲೆಕ್ಕದ ಮೇಷ್ಟ್ರು: ಜಗಳ ಇರಲಿ, ಏನನ್ನು ಅಳಿಸಿದ್ದಾರೆ ನೋಡಿ. ಅವಳು ರಾಜನ ವೇಷದಲ್ಲಿ, ಗಡ್ಡ ಕಿರೀಟ ಇಟ್ಟುಕೊಂಡಿರುವ ಚಿತ್ರಗಳನ್ನು ಕೆತ್ತಿಹಾಕಿದ್ದಾರೆ. ಬರೀ ರಾಣಿಯಾಗಿದ್ದಾಗಿನ ಚಿತ್ರಗಳನ್ನು ಹೆಚ್ಚಾಗಿ ಹಾಗೇ ಬಿಟ್ಟಿದ್ದಾರೆ. ಎಷ್ಟೋ ಕಡೆ ಅವಳ ಹೆಸರಿನ ಜಾಗದಲ್ಲಿ ಅವಳ ಅಪ್ಪ ಒಂದನೇ ಥುತ್ಮೋಸ್, ಗಂಡ ಎರಡನೇ ಥುತ್ಮೋಸ್ ಹೆಸರು ಬರೆಸಿದ್ದಾರೆ. ಅಂದರೆ ಮೂರನೇ ಥುತ್ಮೋಸ್ ತನ್ನ ಅಜ್ಜ, ಅಪ್ಪ, ತಾನು, ಆಮೇಲೆ ಮಗ ಎರಡನೇ ಅಮೆನ್ಹೋಟೆಪ್, ಮಧ್ಯೆ ಹೆಂಗಸು ಬಂದೇ ಇಲ್ಲ ಅಂತ ಪಟ್ಟಿ ಸರಿಮಾಡಿಕೊಂಡದ್ದು. ನಾಳೆ ಮಗನ ಹಕ್ಕಿನ ಬಗ್ಗೆ ಯಾರೂ ತಕರಾರು ತೆಗೆಯಬಾರದಲ್ಲ.

ಧೂಪದ ಮರ: ಅಳಿಸಿದ್ದರ ಬಗ್ಗೆಯೇ ಎಲ್ಲರೂ ಬರೆಯುತ್ತೀರಿ, ಅವಳು ಮಾಡಿದ್ದೇನು ಅಂತ ಯಾರೂ ಕೇಳುವುದಿಲ್ಲ. ಆಳ್ವಿಕೆಯ ಒಂಬತ್ತನೇ ವರ್ಷದಲ್ಲಿ ಪುಂಟ್ ದೇಶಕ್ಕೆ ಹಡಗು ಕಳಿಸಿದಳು. ದೇರ್ ಎಲ್ ಬಹ್ರಿ ಗುಡಿಯ ಗೋಡೆಯಲ್ಲಿ ಐದು ಹಡಗು ಕೆತ್ತಿದ್ದಾರೆ, ಧೂಪದ ಮರಗಳನ್ನು ಬೇರು ಸಮೇತ ಬುಟ್ಟಿಯಲ್ಲಿಟ್ಟು ಹೊತ್ತು ತರುತ್ತಿದ್ದಾರೆ, ಪುಂಟ್ ರಾಣಿಯ ದಪ್ಪ ಮೈಯನ್ನೂ ಬಿಡದೆ ಕೆತ್ತಿದ್ದಾರೆ. ಕಾರ್ನಾಕಿನಲ್ಲಿ ಅವಳು ನಿಲ್ಲಿಸಿದ ಒಂದು ಸ್ತಂಭ ಇಂದಿಗೂ ನಿಂತಿದೆ. ಹೆಚ್ಚುಕಮ್ಮಿ 30 ಮೀಟರ್ ಎತ್ತರ, ಅಸ್ವಾನಿನ ಒಂದೇ ಕಲ್ಲು, ಕಡಿದು ತೆಗೆಯಲು ಏಳು ತಿಂಗಳಾಯಿತು ಅಂತ ಅದರ ಮೇಲೇ ಬರೆಸಿದ್ದಾಳೆ. ಅದರ ಸುತ್ತ ಗೋಡೆ ಕಟ್ಟಿ ಮರೆಮಾಡಿದರು, ಆ ಗೋಡೆಯಿಂದಲೇ ಕೆಳಗಿನ ಬರಹ ಉಳಿದುಕೊಂಡಿತು!

ಗುಡುಗು: ಅವಳೂ ಕಮ್ಮಿ ಏನಲ್ಲ. ತನ್ನ ತಂದೆ ಅಮುನ್ ದೇವರೇ ಅಂತ ಗೋಡೆ ತುಂಬ ಕೆತ್ತಿಸಿದವಳು.

ಧೂಪದ ಮರ: ಫೇರೋಗಳೆಲ್ಲ ದೇವರ ಮಕ್ಕಳೇ ಸ್ವಾಮಿ. ಗಂಡಸರು ಹೇಳಿದರೆ ಸಂಪ್ರದಾಯ, ಇವಳು ಹೇಳಿದರೆ ಜಂಭವಾ?

ಕಲ್ಲುಬರಹ: ಆ ಪ್ರತಿಮೆಗಳ ಬಗ್ಗೆ 2025ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರ ಲೇಖನ ಬಂತು. ಹಳೆಯ ಅಗೆತದ ದಾಖಲೆ ಹುಡುಕಿದಾಗ, ಎಷ್ಟೋ ಪ್ರತಿಮೆಗಳನ್ನು ಕತ್ತು, ಸೊಂಟ, ಮೊಣಕಾಲಿನ ಹತ್ತಿರವೇ ಮುರಿದಿರುವುದು ಕಂಡಿದೆ, ಹಲವು ಮುಖಗಳಿಗೆ ಏನೂ ಆಗಿಲ್ಲ. ಪ್ರತಿಮೆಯ ಶಕ್ತಿ ತೆಗೆಯಲು ಬೇರೆ ರಾಜರ ಪ್ರತಿಮೆಗಳಿಗೂ ಹೀಗೇ ಮಾಡುತ್ತಿದ್ದರಂತೆ. ಸಿಟ್ಟು ಬಂದವನು ಮೊದಲು ಮುಖಕ್ಕೇ ಹೊಡೆಯುತ್ತಾನೆ.

ಗುಡುಗು: ಪ್ರತಿಮೆ ಸರಿ, ಗೋಡೆ? ಬೇರೆ ರಾಜರ ಹೆಸರನ್ನೂ ಹೀಗೆ ಹುಡುಕಿ ಹುಡುಕಿ ಕೆತ್ತಿಹಾಕುತ್ತಿದ್ದರಾ?

ಲೆಕ್ಕದ ಮೇಷ್ಟ್ರು: ಎಲ್ಲರದ್ದೂ ಇಲ್ಲ. ಅದಕ್ಕೇ ಗೋಡೆಯದ್ದು ರಾಜಕೀಯ ಅನ್ನುತ್ತಿರುವುದು. ಎರಡನ್ನೂ ಒಂದೇ ಗಂಟು ಕಟ್ಟಬೇಡಿ.

ಗುಡುಗು: ರಾಜಕೀಯದಲ್ಲಿ ಸಿಟ್ಟೇ ಇರುವುದಿಲ್ಲವಾ ಮೇಷ್ಟ್ರೇ? ನಾನಂತೂ ಎರಡೂ ಇತ್ತು ಅಂತಲೇ ಹೇಳುವುದು.